ಹಿಂದೆ ಕೂತವರ ಭಾರ

“ನಾನು ಇದರ ಮೇಲೆ ಕೂರೋದಿಲ್ಲ. ನೀವು ಏನು ಬೇಕಾದ್ರೂ ಮಾಡಿಕೊಳ್ಳಿ, ನಾನಂತೂ ಕೂರೋದಿಲ್ಲ” ಎಂದು ಹಿಂದಿಯಲ್ಲಿ ಕಡ್ಡಿ ಮುರಿದ ಹಾಗೆ ಹೇಳಿ, ಆಕೆ ಪ್ಲಾಸ್ಟಿಕ್ ಕುರ್ಚಿಯನ್ನು ಶೆಡ್ಡಿನ ಬಾಗಿಲಿಗೆ ಎಳೆದುಕೊಂಡು ನಮಗೆ ಬೆನ್ನು ಹಾಕಿ ಕೂತಳು. ಹೊರಗೆ ಗ್ರೇಟರ್ ನೋಯ್ಡಾದ ಮೇ ತಿಂಗಳ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಳಗೆ, ಹಿಮ ಬಿಟ್ಟು ಬೇರೆಲ್ಲೂ ಓಡಲಾರದ ಒಂದು ಸ್ನೋ ಸ್ಕೂಟರು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅದರ ಒಡೆಯ, ಆಕೆಯ ಗಂಡ, ಟೋಪಿ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ. ನಾನು ಸ್ಪ್ಯಾನರ್ ಹುಡುಕುವ ನೆವ ಮಾಡಿದೆ.

ಆಕೆ ಹಿಮಾಚಲದ ಎತ್ತರದ ಹಳ್ಳಿಯೊಂದರ ಆರೋಗ್ಯ ಕಾರ್ಯಕರ್ತೆ. ಚಳಿಗಾಲದಲ್ಲಿ ರಸ್ತೆ ಮುಚ್ಚಿದ ಮೇಲೆ ಬಸುರಿಯರನ್ನು ನೋಡಿ ಬರುವುದು, ಮಕ್ಕಳಿಗೆ ಲಸಿಕೆ ಹಾಕುವುದು, ಎಲ್ಲವೂ ಈ ಸ್ಕೂಟರಿನಲ್ಲಿ ಗಂಡನ ಹಿಂದೆ ಕೂತು ಹೋಗಿಯೇ. ಹೋದ ಚಳಿಗಾಲದಲ್ಲಿ ಅದು ಆಕೆಯನ್ನು ಹೇಗೆ ಕುಕ್ಕಿ ಹಾಕಿತೆಂದರೆ, ಒಂದು ದಿನ ಅರ್ಧ ದಾರಿಯಲ್ಲೇ ಇಳಿದವಳು ಮತ್ತೆ ಹತ್ತಲೇ ಇಲ್ಲ. ಅಲ್ಲಿಂದಾಚೆ ಹಿಮದಲ್ಲಿ ಕಾಲು ಹೂತುಕೊಂಡು ನಡೆದೇ ಓಡಾಡಿದಳಂತೆ. ದೂರದ ಮನೆಗಳಿಗೆ ಹೋಗಲು ಆಗಲೇ ಇಲ್ಲವಂತೆ. ಸೊಂಟ ತೋರಿಸಲು ದಿಲ್ಲಿಗೆ ಬಂದಿದ್ದರು, ಜೊತೆಗೆ ಗಾಡಿಯನ್ನೂ ತಂದಿದ್ದರು. ಈ ಸಲವೂ ಸರಿಹೋಗದಿದ್ದರೆ ಮುಂದಿನ ಚಳಿಗಾಲವೂ ಆಕೆ ನಡೆಯಬೇಕು.

ಆ ಗಾಡಿಗೆ ಹೊಸ ಹಿಂಬದಿ ಸಸ್ಪೆನ್ಷನ್ ಹಾಕಿದವಳು ನಾನು. ಹಿಂದೆ ಒಬ್ಬರು ಕೂರುತ್ತಾರೆ ಎನ್ನುವುದು ಅವತ್ತು ಬೆಳಿಗ್ಗೆ ಆತ ಲಾರಿಯಿಂದ ಗಾಡಿ ಇಳಿಸುತ್ತ ಹೇಳುವವರೆಗೆ ನನಗೆ ಗೊತ್ತೇ ಇರಲಿಲ್ಲ.

ಹೇಗೆ ಗೊತ್ತಿರಲಿಲ್ಲ ಅಂತ ಕೇಳಬಹುದು. ಹೇಳುತ್ತೇನೆ.

ನಮ್ಮದು ಫೋರ್ಕ್‌ಲಿಫ್ಟ್ ರಿಪೇರಿಯ ವರ್ಕ್‌ಶಾಪು. ಬೇಸಿಗೆಯಲ್ಲಿ ಮಾತ್ರ ಬೆಟ್ಟದ ಕಡೆಯಿಂದ ಕೆಲವು ಸ್ನೋ ಸ್ಕೂಟರುಗಳು ಬರುತ್ತವೆ. ಹಿಮವೇ ಬೀಳದ ಊರಿನಲ್ಲಿ ಹಿಮದ ಗಾಡಿ ರಿಪೇರಿ ಅಂತ ನಮ್ಮ ಮೆಕ್ಯಾನಿಕ್ಕುಗಳು ನಗುತ್ತಾರೆ. ಓಡಿಸಿ ನೋಡಲಾಗದ ಗಾಡಿಯ ಮೇಲೆ ಅವರಿಗೆ ಮಮತೆ ಇಲ್ಲ. ಹಾಗಾಗಿ ಅವೆಲ್ಲ ನನ್ನ ಪಾಲಿಗೆ ಬಂದವು, ಜೊತೆಗೆ ಹಿಂದಿನ ಚಿಕ್ಕ ಶೆಡ್ಡೂ ಬಂತು. ನನಗೆ ಹಿತವೇ ಆಯಿತು. ತುಮಕೂರಿನಿಂದ ಎಂಜಿನಿಯರ್ ಆಗಿ ಬಂದು, ಇಲ್ಲೇ ಕೂದಲು ನೆರೆತು, ಮದುವೆ ಗಿದುವೆ ಆಗದೆ ಉಳಿದವಳು ನಾನು. ನನ್ನ ಫ್ಲ್ಯಾಟು ಇರುವ ಟವರಿನಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಕೊಂಡವರು ಬಂದೇ ಇಲ್ಲ. ಬೆಳಿಗ್ಗೆ ನನ್ನನ್ನು ಮೊದಲು ಮಾತಾಡಿಸುವುದು ಲಿಫ್ಟು, ಬಾಗಿಲು ಮುಚ್ಚುತ್ತಿದೆ ಅಂತ.

ಕನ್ನಡ ಖರ್ಚಾಗುವುದು ಎರಡೇ ಕಡೆ. ಒಂದು, ಭಾನುವಾರ ಅಕ್ಕನ ಫೋನಿಗೆ. “ಒಬ್ಳೇ ಇದೀಯಾ ಅಂತ ಮೊಸರನ್ನ ಕಲಸ್ಕೊಂಡು ಮಲಗ್ಬೇಡ ಕಣೇ, ಒಂದು ಸಾರಾದ್ರೂ ಮಾಡ್ಕೋ” ಅನ್ನುತ್ತಾಳೆ. “ಹೂಂ ಮಾಡ್ಕೊಂಡೆ” ಅಂತ ಮೊಸರನ್ನದ ತಟ್ಟೆ ಮುಂದಿಟ್ಟುಕೊಂಡೇ ಹೇಳುತ್ತೇನೆ. ಇನ್ನೊಂದು, ಯಂತ್ರಗಳಿಗೆ. ದಿನವಿಡೀ ಅವನ್ನು ಬಯ್ಯುತ್ತಿರುತ್ತೇನೆ. ಬಿಚ್ಚಲು ಬಾರದ ಬೋಲ್ಟಿಗೆ “ಏನೋ ನಿನ್ನ ಹಟ, ಮೂದೇವಿ” ಅನ್ನದಿದ್ದರೆ ನನಗೆ ಕೈಯೇ ಓಡುವುದಿಲ್ಲ. ಶೆಡ್ಡಿನಲ್ಲಿ ಅದು ಯಾರಿಗೂ ಅರ್ಥವಾಗುವುದಿಲ್ಲ ಎನ್ನುವುದು ಒಂದು ಸೌಕರ್ಯ. ಕೆಲವು ಸಲ ಅದೇ ಸಂಕಟ.

ಈ ಗಾಡಿ ಮೊದಲ ಸಲ ಬಂದದ್ದು ಅದರ ಹಿಂದಿನ ಬೇಸಿಗೆಯಲ್ಲಿ. ಆಗ ಒಡೆಯ ಬಂದಿರಲಿಲ್ಲ, ಗಾಡಿ ಮಾತ್ರ ಲಾರಿಯಲ್ಲಿ ಬಂದಿತ್ತು. ಸ್ನೋ ಸ್ಕೂಟರಿಗೆ ಮುಂದೆ ಚಕ್ರದ ಬದಲು ಎರಡು ಹಲಗೆಗಳಿರುತ್ತವೆ, ಹಿಂದೆ ಅಗಲವಾದ ರಬ್ಬರಿನ ಟ್ರ್ಯಾಕು ಸುತ್ತುತ್ತದೆ. ಹಿಂಬದಿ ಸಸ್ಪೆನ್ಷನ್ ಆ ಟ್ರ್ಯಾಕಿನ ಹೊಟ್ಟೆಯೊಳಗೇ ಇರುತ್ತದೆ. ಅದರ ಕಂಬಿಗಳು ಬಂಡೆಗೆ ಬಡಿದು ಬಾಗಿಹೋಗಿದ್ದವು. ಪೂರ್ತಿ ತೆಗೆದು ಹೊಸದು ಕೂರಿಸಿದೆ.

ಕೂರಿಸುವುದು ದೊಡ್ಡದಲ್ಲ, ಹೊಂದಿಸುವುದು ದೊಡ್ಡದು. ಟ್ರ್ಯಾಕು ಸಡಿಲವಿದ್ದರೆ ಅದನ್ನು ಸುತ್ತಿಸುವ ಹಲ್ಲುಚಕ್ರದಿಂದ ಜಾರುತ್ತದೆ, ಬಿಗಿಯಿದ್ದರೆ ಎಂಜಿನ್ನಿಗೆ ಭಾರ. ಹಿಂದೆ ಎರಡು ಬೋಲ್ಟುಗಳಿವೆ, ಒಂದನ್ನು ಸ್ವಲ್ಪ ಹೆಚ್ಚು ತಿರುಗಿಸಿದರೂ ಟ್ರ್ಯಾಕು ಒಂದು ಪಕ್ಕಕ್ಕೆ ಓಡಿ ಕಂಬಿಗೆ ಉಜ್ಜುತ್ತದೆ. ಸ್ಟ್ಯಾಂಡಿನ ಮೇಲೆತ್ತಿ ಎಂಜಿನ್ ಶುರುಮಾಡಿ, ಹಿಮ ಇಲ್ಲದ್ದರಿಂದ ಕಂಬಿಯ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಸುಟ್ಟುಹೋಗದ ಹಾಗೆ ಮಗ್ಗಿನಲ್ಲಿ ನೀರು ಸುರಿಯುತ್ತ, ನಡುಮಧ್ಯಕ್ಕೆ ಬರುವ ತನಕ ತಿದ್ದಬೇಕು. ಕೊನೆಗೆ ಉಳಿಯುವುದು ಸ್ಪ್ರಿಂಗು. ಖಾಲಿ ಗಾಡಿಯ ಹಿಂಭಾಗ ಎಷ್ಟು ಎತ್ತರ, ಆಳು ಕೂತಾಗ ಎಷ್ಟು ಇಳಿಯುತ್ತದೆ ಅಂತ ಅಳೆದು ಅದರಂತೆ ಗಡಸು ಮಾಡಬೇಕು. ಇದು ಇಬ್ಬರ ಕೆಲಸ. ಒಬ್ಬರು ಕೂರಬೇಕು, ಇನ್ನೊಬ್ಬರು ಟೇಪು ಹಿಡಿಯಬೇಕು.

ಫೋರ್ಕ್‌ಲಿಫ್ಟ್ ಕಡೆಯಿಂದ ಯಾರನ್ನಾದರೂ ಕೂಗಿದ್ದರೆ ಬರುತ್ತಿದ್ದರು. ಕೂಗಲಿಲ್ಲ. ಯಾರನ್ನಾದರೂ “ಸ್ವಲ್ಪ ಬನ್ನಿ” ಅಂತ ಕರೆಯುವುದು ನನಗೆ ಬಿಟ್ಟೇ ಹೋಗಿದೆ. ಒಡೆಯನಿಗೆ ಫೋನ್ ಮಾಡಿ ಅವನ ತೂಕ ಕೇಳಿದೆ, ಹೇಳಿದ. ಅಷ್ಟು ತೂಕಕ್ಕೆ ಮರಳಿನ ಮೂಟೆ ಕಟ್ಟಿ ಸೀಟಿನ ಮೇಲಿಟ್ಟು, ನಾನೇ ಅಳೆದು, ನಾನೇ ಬೀಗಿದೆ. ಸೀಟು ಉದ್ದಕ್ಕೇ ಇತ್ತು. ಹಿಂದಿನ ಅರ್ಧ ಸಾಮಾನಿಗೆ ಇರಬೇಕು ಅಂದುಕೊಂಡೆ. ನನ್ನ ಸ್ವಂತ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಟೂಲ್ ಬ್ಯಾಗು ಕಟ್ಟಿ ಎಷ್ಟು ವರ್ಷವಾಯಿತೋ, ಸೀಟಿನ ಆ ಭಾಗ ಮನುಷ್ಯರಿಗೆ ಅನ್ನುವುದೇ ತಲೆಗೆ ಹೊಳೆಯಲಿಲ್ಲ.

ಹಿಮ ಬಿದ್ದಿತು, ಫೋನ್ ಬಂತು. “ಮೇಡಂ ಜೀ, ಹಿಂದಿನಿಂದ ಭಾರಿ ಏಟು ಕೊಡುತ್ತೆ. ಏರು ಹತ್ತುವಾಗ ಮುಂದಿನ ಹಲಗೆಗಳು ಹಗುರ ಆಗ್ತವೆ.” ನಾನು ಡಾಕ್ಟರ ಗತ್ತಿನಲ್ಲಿ ಪ್ರಶ್ನೆ ಕೇಳಿದೆ. ಟ್ರ್ಯಾಕ್ ಬಿಗಿ ನೋಡಿ ಅಂದೆ, ನೋಡಿದ, ಸರಿಯಿತ್ತು. ಸಸ್ಪೆನ್ಷನ್ನಿನ ಮುಂದಿನ ತೋಳನ್ನು ಹಿಡಿದಿರುವ ಪಟ್ಟಿಯನ್ನು ಒಂದು ತೂತು ಗಿಡ್ಡ ಮಾಡಿ ಅಂದೆ, ಹಲಗೆಗಳು ನೆಲ ಹಿಡಿಯಲಿ ಅಂತ. ಮಾಡಿದ. ಹ್ಯಾಂಡಲ್ ತಿರುಗಿಸಲು ಕಲ್ಲಿನಷ್ಟು ಭಾರವಾಯಿತು, ಏಟು ಹೋಗಲಿಲ್ಲ. “ವಿಡಿಯೊ ಕಳಿಸಿ” ಅಂದೆ. ಕಳಿಸಿದ. ಬಿಳೀ ಇಳಿಜಾರಿನಲ್ಲಿ ಆತ ಒಬ್ಬನೇ ಗಾಡಿ ಓಡಿಸಿಕೊಂಡು ಬರುತ್ತಾನೆ, ಉಬ್ಬು ಹಾರಿಸುತ್ತಾನೆ, ಸಸ್ಪೆನ್ಷನ್ ಚೆನ್ನಾಗಿ ಕೂತು ಏಳುತ್ತದೆ. ಎಲ್ಲಿದೆ ಏಟು? ನನಗೆ ರೇಗಿತು. “ಗಾಡಿ ಸರಿಯಾಗೇ ಇದೆ ಭಾಯ್ ಸಾಬ್, ನಿಮಗೇ ಅಭ್ಯಾಸ ಆಗ್ಬೇಕು” ಅಂದೆ. ಆ ವಿಡಿಯೊ ಹಿಡಿದವರು ಯಾರು ಅಂತ ಮಾತ್ರ ಕೇಳಲಿಲ್ಲ.

ಮತ್ತೆ ಮತ್ತೆ ಫೋನ್ ಮಾಡಿದ. ಏಟು ಅಂದರೆ ಸ್ಪ್ರಿಂಗು ಗಡಸು ಅಂತ ತೀರ್ಮಾನಿಸಿ, ಕೊನೆಗೆ ಅದನ್ನು ಇನ್ನೂ ಮೆತ್ತಗೆ ಮಾಡಿಸಿದೆ. ಆಮೇಲೆ ಫೋನ್ ನಿಂತಿತು. ನಮ್ಮ ಕೆಲಸದಲ್ಲಿ ರಿಪೇರಿ ಸರಿಹೋಯಿತು ಅನ್ನುವುದಕ್ಕೆ ಅದೇ ಗುರುತು, ಫೋನ್ ಬರುವುದಿಲ್ಲ. ಸದ್ಯ, ಪೀಡೆ ತೊಲಗಿತು ಅಂದುಕೊಂಡೆ. ಆದರೆ ನಿಜ ಹೇಳಬೇಕೆಂದರೆ ಆ ಫೋನಿಗೆ ನಾನು ಕಾಯಲು ಶುರುಮಾಡಿದ್ದೆ. ಆತ ಬೈಸಿಕೊಳ್ಳುತ್ತಲೇ “ಊಟ ಆಯ್ತಾ ಮೇಡಂ ಜೀ, ಅಲ್ಲಿ ಹೊಗೆ ಜಾಸ್ತಿ ಅಂತೆ, ಉಸಿರು ಚೆನ್ನಾಗಿದೆಯಾ” ಅಂತ ಕೇಳುತ್ತಿದ್ದ. ಆ ಚಳಿಗಾಲದಲ್ಲಿ ನನ್ನ ಉಸಿರಿನ ಬಗ್ಗೆ ಕೇಳಿದ ಬೇರೊಬ್ಬರು ನೆನಪಾಗುವುದಿಲ್ಲ.

ಈಗ ಮೇ ತಿಂಗಳು, ಬಾಗಿಲಲ್ಲಿ ಆಕೆಯ ಬೆನ್ನು.

“ಇಬ್ಬರು ಕೂರ್ತೀವಿ ಅಂತ ಒಂದು ಮಾತು ಹೇಳಬಾರದಿತ್ತಾ?” ಅಂತ ಆತನ ಮೇಲೆ ಹಾರಿಬಿದ್ದೆ.

ಆತನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸಿತು. “ಹಿಮದಲ್ಲಿ ಒಬ್ಬರೇ ಯಾರು ಹೋಗ್ತಾರೆ ಮೇಡಂ ಜೀ? ನಮ್ಮಲ್ಲಿ ಹಾಗೆ ಬಿಡೋದೇ ಇಲ್ಲ. ಎಲ್ಲಾದ್ರೂ ಹೂತುಹೋದ್ರೆ ಬಂದು ಹೇಳೋರು ಬೇಡ್ವಾ? ಹೆಂಡತಿ ಇಲ್ಲದಿದ್ರೆ ಪಕ್ಕದ ಮನೆಯವರು ಕೂರ್ತಾರೆ. ಯಾರೂ ಇಲ್ಲದಿದ್ರೆ ಗಾಡಿ ತೆಗೆಯೋದಿಲ್ಲ.”

“ಮತ್ತೆ ವಿಡಿಯೊದಲ್ಲಿ ಒಬ್ಬರೇ ಇದ್ರಲ್ಲ!”

“ಫೋನ್ ಹಿಡಿಯೋಕೆ ಇವಳು ಇಳಿದಿದ್ದಳು.”

ಅಯ್ಯೋ ದೇವರೇ ಅಂತ ಕನ್ನಡದಲ್ಲೇ ಬಂತು. ಅವನಿಗೆ ಹೇಳಬೇಕು ಅನ್ನಿಸಲಿಲ್ಲ, ನನಗೆ ಕೇಳಬೇಕು ಅನ್ನಿಸಲಿಲ್ಲ. ಇಬ್ಬರ ಭಾರಕ್ಕೆ ಆ ಸ್ಪ್ರಿಂಗು ಪೂರ್ತಿ ಕುಸಿದು ತಳಕ್ಕೆ ಬಡಿಯುತ್ತಿತ್ತು, ಆ ಏಟು ನೇರ ಹಿಂದೆ ಕೂತವಳ ಬೆನ್ನುಮೂಳೆಗೆ. ಹಿಂದೆ ಕುಸಿದದ್ದಕ್ಕೇ ಮುಂದಿನ ಹಲಗೆ ಹಗುರವಾಗುತ್ತಿತ್ತು. ಅದನ್ನು ಇನ್ನೂ ಮೆತ್ತಗೆ ಮಾಡಿಸಿದ ಜಾಣೆ ನಾನು.

ಗಾಡಿಯನ್ನು ಸ್ಟ್ಯಾಂಡಿನಿಂದ ನೆಲಕ್ಕಿಳಿಸಿದೆವು. ಆತ ಮುಂದೆ ಕೂತ. ಆಕೆ ಅಲುಗಲಿಲ್ಲ. ಸರಿ, ನನ್ನ ಹಳೆಯ ಗೆಳೆಯ ಮರಳಿನ ಮೂಟೆ ಇದ್ದೇ ಇದೆಯಲ್ಲ, ಎತ್ತಿ ಹಿಂದೆ ಕೂರಿಸಿದೆ. ಟೇಪು ತೆಗೆದುಕೊಂಡು ಬಗ್ಗುವಷ್ಟರಲ್ಲಿ ಅದು ಪಕ್ಕಕ್ಕೆ ವಾಲಿ, ಧೊಪ್ಪೆಂದು ಬಿದ್ದು, ಹೊಟ್ಟೆ ಒಡೆದುಕೊಂಡಿತು. “ಥೂ ನಿನ್ನ! ಎರಡು ನಿಮಿಷ ನೆಟ್ಟಗೆ ಕೂರೋಕೆ ಏನು ಬಂದಿತ್ತು ನಿನಗೆ ರೋಗ?” ಅಂತ ಕನ್ನಡದಲ್ಲಿ ಶುರುಮಾಡಿದೆ.

ಆಕೆ ತಿರುಗಿದಳು. “ಯಾರ ಜೊತೆ ಮಾತಾಡ್ತಿದ್ದೀರಿ?”

“ಮೂಟೆ ಜೊತೆ.”

“ಅದು ಯಾರು, ನಾನಾ?”

“ಹೌದು. ನೀವು ಕೂರಲ್ಲ ಅಂದ್ರಲ್ಲ, ನಿಮ್ಮ ಬದಲಿಗೆ ಅದು.”

ಆಕೆ ನೆಲದ ಮೇಲೆ ಹರಡಿದ ಮರಳನ್ನೂ ನನ್ನನ್ನೂ ಗಂಡನನ್ನೂ ನೋಡಿದಳು. ಬಾಯಿಗೆ ದುಪಟ್ಟಾ ಒತ್ತಿ ನಗಲು ಶುರುಮಾಡಿದಳು. ನನಗೆ ನಗು ಬರಲಿಲ್ಲ. “ನೋಡಿ ದೀದಿ, ಮೂಟೆಗೆ ಸೊಂಟ ಇಲ್ಲ. ಅದು ಎಲ್ಲಾ ಸರಿ ಇದೆ ಅನ್ನುತ್ತೆ, ನಾನು ನಂಬಿಬಿಡ್ತೀನಿ. ಹೋದ ಸಲ ಆಗಿದ್ದೂ ಅದೇ. ನೀವು ಕೂತು ಬೈದ್ರೆ ಮಾತ್ರ ಇದು ಸರಿಯಾಗುತ್ತೆ” ಅಂದೆ.

ಆಕೆ ಎದ್ದು ಬಂದಳು. ಚಪ್ಪಲಿ ಬಿಟ್ಟು, ಸೊಂಟ ಹಿಡಿದುಕೊಂಡು ನಿಧಾನವಾಗಿ ಹತ್ತಿದಳು. ಗಾಡಿಯ ಹಿಂಭಾಗ ಹಾಗೇ ಕುಸಿದು ತಳ ಸೇರಿತು. ಇನ್ನು ಇಳಿಯಲು ಜಾಗವೇ ಇರಲಿಲ್ಲ. “ನೋಡಿದ್ರಾ?” ಅಂದಳು. ನೆಲದ ಮೇಲೆ ಮಂಡಿಯೂರಿದ್ದ ನಾನು “ನೋಡಿದೆ” ಅಂದೆ. “ಇನ್ನೂ ಇದೆ, ನನ್ನ ಮಡಿಲಲ್ಲಿ ಲಸಿಕೆ ಡಬ್ಬಿ ಇರುತ್ತೆ” ಅಂದಳು. ನನ್ನ ಟೂಲ್ ಬ್ಯಾಗು ತಂದು ಮಡಿಲಿಗಿಟ್ಟೆ. ಅದನ್ನು ಮಗುವಿನ ಹಾಗೆ ಒಂದು ತೋಳಲ್ಲಿ ತಬ್ಬಿಕೊಂಡು, ಇನ್ನೊಂದು ಕೈಯಿಂದ ಗಂಡನ ಭುಜವನ್ನು ಎರಡು ಸಲ ತಟ್ಟಿದಳು. ಆತ ತಿರುಗದೆಯೇ ತಲೆಯಾಡಿಸಿದ.

“ಅದೇನದು?” ಅಂತ ಕೇಳಿದೆ.

“ಇದ್ದೀನಿ ಅಂತ” ಅಂದಳು. “ಎಂಜಿನ್ ಸದ್ದು, ಮೇಲೆ ಹೆಲ್ಮೆಟ್ಟು, ಮಾತು ಕೇಳಿಸೋದಿಲ್ಲ. ಹಿಂದಿನವರು ಬಿದ್ದುಹೋದ್ರೂ ಮುಂದಿನವರಿಗೆ ತಿಳಿಯೋದಿಲ್ಲ. ಅದಕ್ಕೇ ಆಗಾಗ ತಟ್ತಾ ಇರಬೇಕು. ತುಂಬಾ ಹೊತ್ತು ತಟ್ಟದಿದ್ರೆ ಇವರು ಗಾಡಿ ನಿಲ್ಲಿಸಿ ತಿರುಗಿ ನೋಡ್ತಾರೆ.”

“ಹೋದ ಚಳಿಗಾಲ ನೀವು ಇಳಿದುಬಿಟ್ಟಾಗ?”

ಉತ್ತರ ಆತ ಕೊಟ್ಟ. “ಪಕ್ಕದ ಮನೆಯವನನ್ನ ಕೂರಿಸಿಕೊಂಡು ಹೋಗ್ತಿದ್ದೆ ಮೇಡಂ ಜೀ. ಅವನಿಗೆ ತಟ್ಟೋದು ನೆನಪೇ ಇರ್ತಿರಲಿಲ್ಲ. ದಾರಿಯುದ್ದಕ್ಕೂ ತಿರುಗಿ ತಿರುಗಿ ನೋಡಿ ಕತ್ತು ನೋವು ಬಂತು.” ಆಕೆ ಟೂಲ್ ಬ್ಯಾಗನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಮಧ್ಯಾಹ್ನವೆಲ್ಲ ಅದೇ ಕೆಲಸ. ಸ್ಪ್ರಿಂಗಿನ ಕೆಳಗಿನ ತಿರುಪನ್ನು ಗಡಸು ಕಡೆಗೆ ತಿರುಗಿಸುವುದು, ಅವರು ಹತ್ತುವುದು, ಅಳೆಯುವುದು, ಇಳಿಯುವುದು. ಮುಂದಿನ ಪಟ್ಟಿಯನ್ನು ಹಳೆಯ ತೂತಿಗೆ ವಾಪಸ್ ಹಾಕಿದೆ. ಮತ್ತೆ ಸ್ಟ್ಯಾಂಡಿಗೆ ಏರಿಸಿ ಎಂಜಿನ್ ಶುರುಮಾಡಿ ಟ್ರ್ಯಾಕಿನ ಓಟ ನೋಡಿದೆವು. ಆಕೆ ಮಗ್ಗಿನಲ್ಲಿ ನೀರು ಸುರಿದಳು, ಆತ ಟಾರ್ಚ್ ಹಿಡಿದ. ಒಬ್ಬಳೇ ಮಾಡಿದಾಗ ನೀರು ಸುರಿಯಲು ಒಂದು ಕೈ, ಬೋಲ್ಟಿಗೆ ಒಂದು ಕೈ, ಟಾರ್ಚ್ ಬಾಯಲ್ಲಿ. ಇವತ್ತು ನನ್ನ ಎರಡು ಕೈಯೂ ಖಾಲಿ ಇದ್ದವು. ಅಷ್ಟು ಸಣ್ಣ ವಿಷಯಕ್ಕೆ ಮನುಷ್ಯರಿಗೆ ಇಷ್ಟು ಸಂತೋಷವಾಗುತ್ತದೆಯೇ ಅಂತ ನನಗೇ ನಾಚಿಕೆಯಾಯಿತು.

ಕೊನೆಯ ಪರೀಕ್ಷೆ ಆಕೆಯದೇ. ನೆಲಕ್ಕಿಳಿಸಿದ ಗಾಡಿಯಲ್ಲಿ ಆತ ಮುಂದೆ ಕೂತ ಮೇಲೆ, ಹಿಂದೆ ಕಾಲಿಡುವ ಪಟ್ಟಿಯ ಮೇಲೆ ಎದ್ದು ನಿಂತಳು, ಹಲ್ಲು ಕಚ್ಚಿಕೊಂಡು, ಪೂರ್ತಿ ಭಾರ ಬಿಟ್ಟು ಸೀಟಿಗೆ ಕುಕ್ಕರಿಸಿದಳು. ಗಾಡಿ ಇಳಿಯಿತು, ತಳ ಮುಟ್ಟದೆ ಮೇಲೆ ಬಂದು ನಿಂತಿತು. ಇನ್ನೊಮ್ಮೆ ಹಾಗೇ ಮಾಡಿದಳು. “ಅಚ್ಛಾ” ಅಂದಳು, ಅಷ್ಟೇ. “ಬಾಕಿ ಹಿಮದಲ್ಲಿ ನೋಡೋಣ.”

ಗಾಡಿಯನ್ನು ಲಾರಿಗೆ ಹೇರಿಸಲು ಆತ ಉಳಿಯಬೇಕಿತ್ತು. ಆಕೆ ದಿಲ್ಲಿಯ ಪೀತಮ್‌ಪುರಾದಲ್ಲಿದ್ದ ನೆಂಟರ ಮನೆಗೆ ಹೋಗಬೇಕು. ನಮ್ಮ ಕಡೆ ಆಟೊ ಸಿಗುವುದು ಅಷ್ಟರಲ್ಲೇ ಇದೆ. “ಚಲೋ ದೀದಿ, ಮೆಟ್ರೊವರೆಗೆ ನಾನು ಬಿಡ್ತೀನಿ” ಅಂದೆ. ಹೇಳಿದ ಮೇಲೆ ನೋಡುತ್ತೇನೆ, ನನ್ನ ಸ್ಕೂಟರಿನ ಹಿಂದಿನ ಫುಟ್‌ರೆಸ್ಟು ಬಿಚ್ಚಿಕೊಳ್ಳುತ್ತಲೇ ಇಲ್ಲ. ತುಕ್ಕು ಹಿಡಿದು ಮಡಚಿದ್ದು ಮಡಚಿದ ಹಾಗೇ ಅಂಟಿಹೋಗಿದೆ. ಒದ್ದೆ, ಎಣ್ಣೆ ಬಿಟ್ಟೆ, ಸುತ್ತಿಗೆಯಿಂದ ಕುಟ್ಟಿದೆ. ಊರಿನವರ ಗಾಡಿಯನ್ನೆಲ್ಲ ರಿಪೇರಿ ಮಾಡುವವಳ ಸ್ವಂತ ಗಾಡಿಯ ಪಾಡು ಇದು.

“ಯಾರೂ ಕೂರೋದಿಲ್ವಾ ಇದರಲ್ಲಿ?” ಅಂತ ಆಕೆ ಕೇಳಿದಳು.

“ಬ್ಯಾಗ್ ಕೂರುತ್ತೆ” ಅಂದೆ. ಆಕೆ ಈ ಸಲ ನಗಲಿಲ್ಲ.

ಕೊನೆಗೆ ಎರಡೂ ಕಡೆಯವು ಕಿರ್ರೆಂದು ಬಿಚ್ಚಿಕೊಂಡವು. ಇನ್ನೊಂದು ಹೆಲ್ಮೆಟ್ ನನ್ನಲ್ಲಿ ಎಲ್ಲಿಂದ ಬರಬೇಕು? ಗಂಡನ ಹಿಮದ ಹೆಲ್ಮೆಟ್ಟನ್ನೇ ಹಾಕಿಕೊಂಡು, ಆ ಬಿಸಿಲಲ್ಲಿ ಬೆವರುತ್ತ ನನ್ನ ಹಿಂದೆ ಕೂತಳು. ಸ್ಕೂಟರು ಒಂದಿಷ್ಟು ತಗ್ಗಿತು. ಭುಜದ ಮೇಲೆ ಎರಡು ತಟ್ಟು ಬಿತ್ತು. ಏನು ಮಾಡಬೇಕು ಅಂತ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ನಾನೂ ತಿರುಗದೆ ತಲೆಯಾಡಿಸಿದೆ.

ದಾರಿಯುದ್ದಕ್ಕೂ, ಒಂದೊಂದು ಹಂಪು ಹಾರಿಸಿದಾಗಲೂ, ಆಕೆ ತಟ್ಟಿದಳು. ಹಿಮವಿಲ್ಲ, ಹೂತುಹೋಗುವ ಭಯವಿಲ್ಲ, ಅಗಲವಾದ ಖಾಲಿ ರಸ್ತೆ. ಆದರೂ ಅಭ್ಯಾಸ, ತಟ್ಟಿದಳು. ಮೆಟ್ರೊ ಹತ್ತಿರ ಇಳಿದು, ಹೆಲ್ಮೆಟ್ ನನ್ನ ಕೈಗೆ ಕೊಟ್ಟು, “ಮೂಟೆಗೆ ಅಷ್ಟು ಬೈಬೇಡಿ” ಅಂತ ಹೇಳಿ ಮೆಟ್ಟಿಲು ಹತ್ತಿಹೋದಳು. ವಾಪಸ್ ಬರುವಾಗ ಮೊದಲ ಹಂಪು ಬಂತು. ಭುಜ ತಾನಾಗಿಯೇ ಕಾಯಿತು. ಏನೂ ಬೀಳಲಿಲ್ಲ. ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಿ, ಹುಚ್ಚಿಯ ಹಾಗೆ, ತಿರುಗಿ ನೋಡಿದೆ. ಅಲ್ಲೇ ಸ್ವಲ್ಪ ಅತ್ತೆ.

ಮಳೆಗಾಲ ಹೋಯಿತು, ದಿಲ್ಲಿಗೆ ಹೊಗೆ ಬಂತು, ಬೆಟ್ಟದಲ್ಲಿ ಹಿಮ ಬಿದ್ದಿತೆಂದು ಸುದ್ದಿಯೂ ಬಂತು. ಅವರ ಫೋನ್ ಬರಲಿಲ್ಲ. ಸರಿಹೋಗಿರಬೇಕು, ಅದಕ್ಕೇ ಫೋನಿಲ್ಲ ಅಂದುಕೊಂಡೆ. ಆದರೆ ಹೋದ ಸಲವೂ ಹೀಗೇ ಅಂದುಕೊಂಡಿದ್ದೆನಲ್ಲ. ಆಗ ಫೋನ್ ನಿಂತದ್ದು ಗಾಡಿ ಸರಿಹೋಗಿ ಅಲ್ಲ, ಆಕೆ ಇಳಿದುಬಿಟ್ಟಿದ್ದರಿಂದ. ಈ ಸಲ ಯಾವುದು? ಆಕೆ ಕೂತಿದ್ದಾಳೋ, ನಡೆಯುತ್ತಿದ್ದಾಳೋ? ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಹತ್ತಿರ ಇದನ್ನೇ ಗೊಣಗಿದೆ. “ಅವರು ಮಾಡ್ಲಿಲ್ಲ ಅಂದ್ರೆ ನೀನೇ ಮಾಡು. ಅದಕ್ಕೇನು ಬಿಂಕ?” ಅಂದಳು. ಬಿಂಕವಲ್ಲ ಅಕ್ಕಾ, ಯಾರಿಗಾದರೂ ಸುಮ್ಮನೆ ಫೋನ್ ಮಾಡುವುದು ಹೇಗೆ ಅನ್ನುವುದೇ ಮರೆತಿದೆ ಅಂತ ಹೇಳಲಿಲ್ಲ.

ಮಾಡಿದೆ. ಆತನ ಫೋನು ಬಹಳ ಹೊತ್ತು ರಿಂಗಾಗಿ ಯಾರೋ ಎತ್ತಿದರು. ಕಿವಿ ತುಂಬ ಎಂಜಿನ್ನಿನ ಆರ್ಭಟ, ಗಾಳಿ. “ಹಲೋ? ದೀದಿ? ಗಾಡಿ ಹೇಗಿದೆ?” ಅಂತ ಕೂಗಿದೆ. ಆ ಕಡೆ ಏನೋ ಅಂದರು, ಒಂದಕ್ಷರ ಕೇಳಿಸಲಿಲ್ಲ. “ನಡೀತಿದ್ದೀರೋ, ಕೂತಿದ್ದೀರೋ?” ಅಂತ ಬಾಲ್ಕನಿಯಲ್ಲಿ ನಿಂತು, ಬೀಗ ಹಾಕಿದ ಮನೆಗಳಿಗೆಲ್ಲ ಕೇಳುವ ಹಾಗೆ ಮತ್ತೆ ಕೂಗಿದೆ.

ಫೋನಿನ ಮೇಲೆ ಉಗುರಿನಿಂದ ತಟ್ಟಿದ ಸದ್ದು ಕೇಳಿಸಿತು, ಸ್ಪಷ್ಟವಾಗಿ, ಎರಡು ಸಲ. ನಾನು, ಅವರಿಗೆ ಕಾಣುವುದಿಲ್ಲ ಅಂತ ಗೊತ್ತಿದ್ದೂ, ತಲೆಯಾಡಿಸಿದೆ.